ಸೆರ್ರಾ ಪೆಲಾಡಾದ ಚಿತ್ರಗಳಲ್ಲಿರುವವರು ಗುಲಾಮರೇ?

ಬ್ರೆಜಿಲ್‌ನ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಾಲ್ಗಾಡೊ 1986ರಲ್ಲಿ ಸೆರ್ರಾ ಪೆಲಾಡಾ ಚಿನ್ನದ ಗಣಿಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ತೋರಿಸಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ಆಳವಾದ ತೆರೆದ ಹೊಂಡ, ಅದರ ಗೋಡೆಗೆ ಆನಿಸಿದ ಮರದ ಏಣಿಗಳು, ಮಣ್ಣಿನ ಮೂಟೆ ಹೊತ್ತು ಒಬ್ಬರ ಹಿಂದೊಬ್ಬರು ಹತ್ತುತ್ತಿರುವ, ಮೈಯೆಲ್ಲ ಕೆಸರು ಮೆತ್ತಿಕೊಂಡ ಸಾವಿರಾರು ಗಂಡಸರು.

ಆದರೂ ಅವರು ಗುಲಾಮರಲ್ಲ. ಬ್ರೆಜಿಲ್‌ನ ಪಾರಾ ರಾಜ್ಯದ ಆ ಕಾಡಿನಲ್ಲಿ ಚಿನ್ನ ಸಿಕ್ಕ ಸುದ್ದಿ 1980ರಲ್ಲಿ ಹರಡಿದಾಗ ಜನ ತಾವಾಗಿಯೇ ಬಂದರು. ಸೈನಿಕ ಸರ್ಕಾರ ಅದೇ ವರ್ಷ ಗಣಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಹೆಂಗಸರಿಗೂ ಮದ್ಯಕ್ಕೂ ಪ್ರವೇಶವಿಲ್ಲವೆಂದಿತು. ಹೊಂಡವನ್ನು ಸುಮಾರು 2 ಮೀಟರ್ ಅಗಲ, 3 ಮೀಟರ್ ಉದ್ದದ ತುಂಡುಗಳಾಗಿ ಹಂಚಲಾಗಿತ್ತು. ತುಂಡಿನ ಒಡೆಯನ ಕೈಕೆಳಗೆ ಕೆಲವರು ಪಾಲಿಗಾಗಿ ಅಗೆದರೆ, ಹಲವರು ಕೂಲಿಗಾಗಿ ಹೊತ್ತರು. ಚಿನ್ನದ ಪದರ ಸಿಕ್ಕಾಗ ಮೂಟೆಗಳಲ್ಲೊಂದನ್ನು ಆರಿಸಿಕೊಳ್ಳುವ ಹಕ್ಕು ಹೊರುವವರಿಗಿತ್ತೆಂದು ಸಾಲ್ಗಾಡೊ ಹೇಳಿದ್ದಾರೆ. ಅದರೊಳಗೆ ಅದೃಷ್ಟವೂ ಇರಬಹುದಿತ್ತು, ಬರಿಯ ಮಣ್ಣೂ ಇರಬಹುದಿತ್ತು.

ಗುಲಾಮರಲ್ಲ ಎಂದಾಕ್ಷಣ ಸುಖವಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಹೊಂಡದ ಗೋಡೆ ಕುಸಿದು ಸತ್ತವರಿದ್ದರು, ಚಿನ್ನ ಬೇರ್ಪಡಿಸಲು ಪಾದರಸ ಬಳಸುತ್ತಿದ್ದರು. ಏಣಿಗಳಿಗೆ ಅವರಿಟ್ಟ ಹೆಸರು ‘ಅದೇವುಸ್ ಮಮಾಯ್’, ಅಂದರೆ ‘ಅಮ್ಮಾ, ವಿದಾಯ’. ನಮ್ಮಲ್ಲಿ ಹೊಸಿಲು ದಾಟುವಾಗ ‘ಹೋಗಿಬರುತ್ತೇನೆ’ ಎನ್ನುತ್ತೇವೆ. ಆ ಹೆಸರಿನಲ್ಲಿ ‘ಬರುತ್ತೇನೆ’ ಎಂಬುದಿಲ್ಲ.

ಪಾಲಿನ ಲೆಕ್ಕವಾಗಲಿ, ಆರಿಸಿಕೊಳ್ಳುವ ಮೂಟೆಯ ಆಸೆಯಾಗಲಿ ಚಿತ್ರದ ಚೌಕಟ್ಟಿನೊಳಗೆ ಕಾಣುವಂಥವಲ್ಲ. ಬಣ್ಣ ಇಲ್ಲವಾದಾಗ ಮೈಯೂ ಮಣ್ಣೂ ಒಂದೇ ಆಗಿ, ಇಪ್ಪತ್ತನೆಯ ಶತಮಾನದ ಗಣಿ ಯಾವುದೋ ಪುರಾತನ ಸಾಮ್ರಾಜ್ಯದ ಬಿಟ್ಟಿ ಚಾಕರಿಯಂತೆ ತೋರುತ್ತದೆ. ಚಿಲಿಯ ಕಲಾವಿದ ಆಲ್ಫ್ರೆಡೊ ಜಾರ್ 1985ರಲ್ಲಿ ಇದೇ ಗಣಿಯನ್ನು ಬಣ್ಣದಲ್ಲಿ ತೆಗೆದಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಸಾಲ್ಗಾಡೊ ಸಂಕಟವನ್ನು ಸುಂದರಗೊಳಿಸುತ್ತಾರೆ ಎಂದು ಕಲಾ ವಿಮರ್ಶಕಿ ಇಂಗ್ರಿಡ್ ಸಿಶಿ 1991ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆಕ್ಷೇಪಿಸಿದ್ದರು. ಸೌಂದರ್ಯದ ಬಗ್ಗೆ ನನಗೆ ತಕರಾರಿಲ್ಲ. ಅರ್ಥಶಾಸ್ತ್ರ ಓದಿ ಬಂದ ಛಾಯಾಗ್ರಾಹಕನ ಚಿತ್ರಗಳನ್ನು, ದುಡಿಮೆಯ ಕರಾರನ್ನು ತಿಳಿಸುವ ನಾಲ್ಕು ಸಾಲಿನ ಅಡಿಬರಹವೂ ಇಲ್ಲದೆ ಹಂಚುತ್ತಿದ್ದೇವಲ್ಲ, ನನ್ನ ತಕರಾರು ಅದರ ಮೇಲೆ.

ಅಡಿಬರಹ ಸಿಗದವರು ಅದೇ ಸರಣಿಯ ಮತ್ತೊಂದು ಚಿತ್ರವನ್ನು ಹುಡುಕಿ ನೋಡಬಹುದು. ಅದರಲ್ಲಿ ಬರಿಮೈಯ ಕೆಲಸಗಾರನೊಬ್ಬ ಎದುರಿಗೆ ನಿಂತ ಪೊಲೀಸನ ಬಂದೂಕಿನ ನಳಿಗೆಯನ್ನು ಕೈಯಲ್ಲಿ ಹಿಡಿದು, ಅವನ ಮುಖವನ್ನೇ ದಿಟ್ಟಿಸುತ್ತಿದ್ದಾನೆ.