ಅಮ್ಮನ ಪಾವು, ಡೊಂಬಿವಲಿಯ ಪಾವ್

ಹೋದ ತಿಂಗಳು ಅಮ್ಮ ಅರಸೀಕೆರೆಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ, ನಮ್ಮ ಮನೆಗೆ ಬಂದಿದ್ದಳು. ಚೀಲದಲ್ಲಿ ಹಪ್ಪಳ, ಹುರಿಹಿಟ್ಟು, ಜೊತೆಗೆ ಅವಳ ಹಿತ್ತಾಳೆ ಪಾವು. ನಮ್ಮ ಮನೆ ಲೋಟದಲ್ಲಿ ಅಳೆದರೆ ಅನ್ನ ಹದಕ್ಕೆ ಬರಲ್ವಂತೆ.

ಮಾರನೇ ದಿನ, "ಗೊಜ್ಜವಲಕ್ಕಿ ಮಾಡ್ತೀನಿ, ಒಂದು ಪಾವು ಅವಲಕ್ಕಿ ತಗೊಂಡ್ ಬಾರೋ" ಎಂದಳು. ಕೆಳಗಿನ ಕಿರಾಣಿ ಅಂಗಡಿಯಲ್ಲಿ "ಪೋಹೆ, ಪಾವ್" ಎಂದೆ. ಆತ 250 ಗ್ರಾಂ ತೂಗಿ ಕೊಟ್ಟ. ಅಮ್ಮ ಪಾವಿಗೆ ಸುರಿದಳು. ತುಂಬಿತು. ಬೋಸಿಗೆ ಬಗ್ಗಿಸಿ ಮತ್ತೆ ಸುರಿದಳು. ಮತ್ತೆ ತುಂಬಿತು. ಪೊಟ್ಟಣದಲ್ಲಿ ಇನ್ನೂ ಇತ್ತು.

"ಇಲ್ಲಿಯವರ ಕೈ ಧಾರಾಳ ಕಣೋ!"

ಧಾರಾಳ ಏನಿಲ್ಲ. ಅಮ್ಮನದು ಅಳತೆ, ಅಂಗಡಿಯವನದು ತೂಕ. ಮಾತು ಮಾತ್ರ ಒಂದೇ, ಸಂಸ್ಕೃತದ 'ಪಾದ'ದಿಂದ ಬಂದದ್ದು. ಹಸುವಿಗೆ ನಾಲ್ಕು ಕಾಲು. ಒಂದು ಕಾಲು ಅಂದರೆ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಇಲ್ಲಿ ಪಾವ್ ಕಿಲೋ, ಅಲ್ಲಿ ಸೇರಿನ ಕಾಲು ಭಾಗ ಪಾವು. ನೋಡಿ, ನಾನೂ ಈಗ 'ಕಾಲು ಭಾಗ' ಅಂದೆ. ಕನ್ನಡದ ಕಾಲು ಕೂಡ ನಡೆಯುತ್ತದೆ, ಅಳೆಯುತ್ತದೆ.

ವಡಾಪಾವಿನ ಪಾವ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಹಿಟ್ಟನ್ನು ಕಾಲಲ್ಲಿ ತುಳಿದು ನಾದುತ್ತಿದ್ದರು, ಅದಕ್ಕೇ ಪಾವ್ ಅಂತ ನನ್ನ ಆಫೀಸಿನಲ್ಲಿ ಒಬ್ಬರು ಆಣೆ ಮಾಡಿ ಹೇಳುತ್ತಾರೆ. ಇನ್ನೊಬ್ಬರು ನಾಲ್ಕರ ಕಟ್ಟು ಅಂತಾರೆ. ನಮ್ಮ ಬೇಕರಿಯ ಲಾದಿಯಲ್ಲಿ, ಅಂದರೆ ಒಂದಕ್ಕೊಂದು ಅಂಟಿಕೊಂಡ ಪಾವ್‌ಗಳ ಕಟ್ಟಿನಲ್ಲಿ, ಆರು ಇರುತ್ತವೆ, ಸ್ವಾಮಿ! ಅದು ಪೋರ್ಚುಗೀಸರ ಬ್ರೆಡ್ಡು. ಅವರ ಬಾಯಲ್ಲಿ ಅದು ಮೂಗಿನಿಂದ ಹೊರಡುವ 'ಪಾಂವ್', ಲ್ಯಾಟಿನ್ನಿನ 'ಪಾನಿಸ್'ನಿಂದ ಬಂದದ್ದು. 1510ರಲ್ಲಿ ಗೋವಾ ಹಿಡಿದವರಿಗೆ ಬ್ರೆಡ್ಡಿಲ್ಲದೆ ಆಗುತ್ತಿರಲಿಲ್ಲ. ಗೋವಾದ ಬೇಕರಿಗಳಲ್ಲಿ ಹಿಟ್ಟು ಹುಳಿ ಬರಿಸಲು ತೆಂಗಿನ ಹೆಂಡ ಹಾಕುತ್ತಿದ್ದರು. (ಇದನ್ನು ಅಮ್ಮನಿಗೆ ಹೇಳಿಲ್ಲ.) ಅದೇ ಪೋರ್ಚುಗೀಸರು ಜಪಾನಿಗೂ ಹೋದರು, ಅಲ್ಲಿ ಬ್ರೆಡ್ಡಿಗೆ ಈಗಲೂ 'ಪಾನ್' ಅಂತಾರೆ.

ಇನ್ನು ಪಂಪನ ಹತ್ತಿರ ಹೋಗಿ ಪಾವು ಅಂದಿದ್ದರೆ ಹೌಹಾರುತ್ತಿದ್ದ. ಹಳಗನ್ನಡದಲ್ಲಿ ಪಾವು ಅಂದರೆ ಹಾವು. ಪಾಲು ಹಾಲಾಯಿತು, ಪೂ ಹೂವಾಯಿತು, ಪಾವು ಹಾವಾಯಿತು. ತೆಲುಗಿನ ಪಾಮು, ತಮಿಳಿನ ಪಾಂಬು ಮಾತ್ರ 'ಪ' ಬಿಡಲಿಲ್ಲ.

ಇಷ್ಟೆಲ್ಲ ಅಮ್ಮನಿಗೆ ವಿವರಿಸುವಷ್ಟರಲ್ಲಿ ಪಾವ್‌ನವನ ಸೈಕಲ್ ಬಂತು. ಒಂದು ಲಾದಿ ತಗೊಂಡೆ. ಅಮ್ಮ ಬೆರಳಲ್ಲಿ ಎಣಿಸಿದಳು.

"ಆರು ಪಾವು. ಒಂದೂವರೆ ಸೇರು. ನಾಲ್ಕು ಜನಕ್ಕೆ ಜಾಸ್ತಿ ಆಯ್ತು."