ಸ್ಟ್ರಮ್ಮಿಂಗ್: ಎರಡು ಅಪ್‌ಗಳ ನಡುವೆ ಕೇಳಿಸದ ಡೌನ್

ಡೌನ್, ಡೌನ್-ಅಪ್, ಅಪ್-ಡೌನ್-ಅಪ್. ಗಿಟಾರ್ ಹಿಡಿದವರಿಗೆಲ್ಲ ಮೊದಲ ತಿಂಗಳಲ್ಲೇ ಸಿಗುವ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಬೀಸಿ ಬಾರಿಸುವ) ಪ್ಯಾಟರ್ನ್ ಇದು: ಡೌನ್ ಅಂದರೆ ಕೈ ಕೆಳಕ್ಕೆ, ಅಪ್ ಅಂದರೆ ಮೇಲಕ್ಕೆ. ಬಾಯಿಪಾಠ ಬೇಗ ಬರುತ್ತದೆ, ಲಯ ಮಾತ್ರ ಕೂರುವುದಿಲ್ಲ. ಎರಡು ಅಪ್‌ಗಳು ಅಕ್ಕಪಕ್ಕ ಬರುವ ಜಾಗದಲ್ಲಿ ಬಲಗೈ ಗಕ್ಕನೆ ನಿಂತುಬಿಡುತ್ತದೆ. ನಿಜಕ್ಕೂ ಅಲ್ಲೊಂದು ಡೌನ್ ಇದೆ, ಕೇಳಿಸುವುದಿಲ್ಲ ಅಷ್ಟೆ.

ಇದಕ್ಕೆ 'ಒನ್ ಆಂಡ್ ಟೂ ಆಂಡ್' ಎಂದು ಎಣಿಸುವುದಕ್ಕಿಂತ, ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕ್ಕೋಲೇ ವಾಸಿ. ತ ಕ ಧಿ ಮಿ ತ ಕ ಜ ಣು: ನಾಲ್ಕು ಬೀಟಿಗೆ ಎಂಟು ಅಕ್ಷರ. ತ, ಧಿ, ತ, ಜ ಬಂದಾಗ ಕೈ ಕೆಳಕ್ಕೆ. ಕ, ಮಿ, ಕ, ಣು ಬಂದಾಗ ಮೇಲಕ್ಕೆ. ಉಯ್ಯಾಲೆಯಂಥ ಈ ಓಡಾಟ ನಿಲ್ಲುವಂತಿಲ್ಲ. ಯಾವ ಅಕ್ಷರಕ್ಕೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ತಂತಿ ಮುಟ್ಟುತ್ತದೆ ಎಂಬುದೇ ಪ್ಯಾಟರ್ನ್. ಮೇಲಿನದರಲ್ಲಿ ಮೊದಲ 'ಕ', ಎರಡನೇ 'ತ' ಖಾಲಿ. ಕೈ ಹೋಗುತ್ತದೆ, ತಂತಿ ಮುಟ್ಟುವುದಿಲ್ಲ.

ಮೊದಲು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೇಡ. ಎಡಗೈಯ ಎರಡು ಮೂರು ಬೆರಳನ್ನು ತಂತಿಗಳ ಮೇಲೆ ಒತ್ತದೆ ಮಲಗಿಸಿ, 'ಚಕ್ ಚಕ್' ಸದ್ದಷ್ಟೇ ಬರಲಿ. ಒಂದೇ ಬೆರಳಿಟ್ಟರೆ 5, 7, 12ನೇ ಫ್ರೆಟ್‌ಗಳ (ಗಿಟಾರಿನ ಕತ್ತಿನ ಅಡ್ಡಪಟ್ಟಿಗಳ) ಬಳಿ ಗಂಟೆಯಂಥ ನಾದ ಹೊರಟು ಕಿವಿ ಕೆಡಿಸುತ್ತದೆ. ಲಯಕ್ಕೆ ಕ್ಲಿಕ್ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಟ್ಟು, ಕ್ಲಿಕ್ಕಿಗೆ ಎರಡಕ್ಷರದಂತೆ ಎಂಟನ್ನೂ ಬಾರಿಸಿ. ಕೈ ಪಳಗಿದ ಮೇಲೆ ಮೊದಲ 'ಕ' ಬಿಡಿ. ಅದು ಸಲೀಸಾದ ಮೇಲೆ ಎರಡನೇ 'ತ'. ಖಾಲಿ ಅಕ್ಷರವನ್ನೂ ಬಾಯಲ್ಲಿ ಹೇಳಲೇಬೇಕು. ಬಾಯಿ ನಿಂತರೆ ಕೈಯೂ ನಿಲ್ಲುತ್ತದೆ. ತಪ್ಪಿಲ್ಲದೆ ಬಂದರೆ ಐದೈದು ಏರಿಸಿ.

ಪಿಕ್ ತಂತಿಗೆ ಸಿಕ್ಕಿಕೊಳ್ಳುತ್ತಿದ್ದರೆ ಅದರ ತುದಿ ಬೆರಳಿನಿಂದ ತುಂಬ ಹೊರಗಿದೆ ಎಂದರ್ಥ. ಅರ್ಧ ಸೆಂಟಿಮೀಟರ್ ಸಾಕು. 1 ಮಿಮೀ ದಪ್ಪದ್ದನ್ನು ಸದ್ಯಕ್ಕೆ ಎತ್ತಿಟ್ಟು, 0.5ರಿಂದ 0.7ರೊಳಗಿನದು ಹಿಡಿಯಿರಿ. ಮೊಣಕೈಯಿಂದ ಬೀಸುವುದಕ್ಕಿಂತ ಒದ್ದೆ ಕೈ ಕೊಡವುವ ಹಾಗೆ ಮಣಿಕಟ್ಟು ಆಡಲಿ. ಅಪ್‌ನಲ್ಲಿ ಆರೂ ತಂತಿ ಮುಟ್ಟುವ ಹಟವೂ ಬೇಡ, ಕೆಳಗಿನ ಮೂರು ತೆಳು ತಂತಿ ಸಾಕು.

ಕಾರ್ಡ್ ಬದಲಿಸುವಾಗ ಜನ ಬಲಗೈ ನಿಲ್ಲಿಸಿ ಎಡಗೈಗೆ ಕಾಯುತ್ತಾರೆ. ತಿರುಗಾಮುರುಗಾ! ಕೊನೆಯ 'ಣು'ವಿಗೇ ಎಡಗೈ ಎತ್ತಿಬಿಡಿ. ಖಾಲಿ ತಂತಿ ನುಡಿದರೂ ಅದು ಚಿಕ್ಕ ಅಪ್, ಕೇಳುವವರಿಗೆ ಅಷ್ಟಾಗಿ ಗೊತ್ತಾಗದು. ಮುಂದಿನ 'ತ'ಕ್ಕೆ ಬೆರಳು ಕೂತಿದ್ದರೆ ಆಯಿತು.

ಸುಗಮ ಸಂಗೀತಕ್ಕೆ ಬಾರಿಸಲು ಹೊರಟವರಿಗೆ ಬೇರೆಯದೇ ತೊಡಕು. ಅಲ್ಲಿ ಆರು ಮಾತ್ರೆಯ ದಾದ್ರಾ ನಡೆ ಹೇರಳ: ತಕಿಟ ತಕಿಟ. ಡೌನ್-ಅಪ್ ಎಂದು ಸರದಿಯಲ್ಲಿ ಹೋದರೆ ಎರಡನೇ 'ತ' ಅಪ್‌ಗೆ ಬೀಳುತ್ತದೆ. ಒತ್ತು ಬೇಕಾದದ್ದು ಅಲ್ಲೇ, ಅಪ್ ಸಹಜವಾಗಿ ಬಡಕಲು. ಹಾಗಾಗಿ ಹಾಡು ಸೊರಗಿದಂತೆ ಕೇಳುತ್ತದೆ. ನಿಧಾನದ ಹಾಡಾದರೆ ಆರಕ್ಕೂ ಡೌನ್ ಹಾಕಿ, 'ಟ'ದ ನಂತರ ಬೇಕೆನಿಸಿದಲ್ಲಿ ಒಂದು ಅಪ್ ಸೇರಿಸಿ. ವೇಗದ್ದಾದರೆ ಡೌನ್-ಡೌನ್-ಅಪ್, ಡೌನ್-ಡೌನ್-ಅಪ್. ಜೋಡಿ ಡೌನ್‌ಗಳ ನಡುವೆ ಕೈ ಬೇಗ ಮೇಲೆ ಬರಬೇಕಾದ್ದರಿಂದ ಬೀಸು ಚಿಕ್ಕದಿರಲಿ, ಇಲ್ಲದಿದ್ದರೆ 'ಕಿ' ತಡವಾಗುತ್ತದೆ.