ಸ್ಕೋರನ್ನು ಇನ್ನೊಬ್ಬರ ಕೈಗಿತ್ತ ಮೇಲೆ

ವಾದ್ಯವೃಂದಕ್ಕೆಂದು ಬರೆದ ಕೃತಿಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಹೇಗಿದೆ? ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಚೆನ್ನಾಗಿದೆ, ಮುಂದುವರಿಸಿ. ಆ ಮಾತಿನಲ್ಲಿ ಪ್ರೀತಿಯಿರುತ್ತದೆ, ಪ್ರೋತ್ಸಾಹವೂ ಇರುತ್ತದೆ; ಆದರೆ ಮರುದಿನ ಸ್ಕೋರಿನ, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದ ಪ್ರತಿಯ, ಯಾವ ಪುಟವನ್ನು ತೆರೆದು ಕೂರಬೇಕು ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ. ಕಲಿಯುವ ಹಂತದಲ್ಲಿರುವ ಸಂಯೋಜಕರಿಗೆ ನಿಜವಾಗಿ ಬೇಕಾದದ್ದು ಆ ಪುಟದ ಸಂಖ್ಯೆಯೇ. ಸ್ವಂತ ಕೃತಿಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳುತ್ತಾ ಬಂದ ಅನುಭವದಿಂದ ನನ್ನಲ್ಲಿ ಗಟ್ಟಿಯಾಗಿರುವ ನಂಬಿಕೆ ಇಷ್ಟು: ಎಲ್ಲಿ ತೊಡಕಾಯಿತು ಎಂದು ಕೇಳುಗರು ಹೇಳಿದರೆ ಅದನ್ನು ಪೂರ್ತಿಯಾಗಿ ನಂಬಬೇಕು, ಆ ತೊಡಕಿಗೆ ಅವರು ಸೂಚಿಸುವ ಪರಿಹಾರವನ್ನು ಮಾತ್ರ ಸ್ಕೋರಿನ ಮುಂದೆ ಕೂತು ನಾವೇ ಹೊಸದಾಗಿ ಪರೀಕ್ಷಿಸಬೇಕು.

ಪಿಯಾನೋ ಕೃತಿ ಬರೆದವರು ಅದನ್ನು ತಾವೇ ನುಡಿಸಿ ನೋಡಬಹುದು. ವಾದ್ಯವೃಂದದ ಕೃತಿಗೆ ಆ ಅನುಕೂಲವಿಲ್ಲ. ಅರುವತ್ತು ಎಪ್ಪತ್ತು ಮಂದಿ ವಾದಕರು ಒಂದೆಡೆ ಕೂತು ನುಡಿಸುವವರೆಗೂ ಅದು ಕಾಗದದ ಮೇಲೆ ಮತ್ತು ಬರೆದವರ ಕಿವಿಯೊಳಗೆ ಮಾತ್ರ ಇರುತ್ತದೆ. ಆದ್ದರಿಂದ ಹೊಸಬರ ಕೃತಿಗಳಿಗೆ ಸಿಗುವ ಅಭಿಪ್ರಾಯಗಳಲ್ಲಿ ಬಹುಪಾಲು ಕಂಪ್ಯೂಟರ್ ನುಡಿಸಿದ ಧ್ವನಿಮುದ್ರಿಕೆಯನ್ನು ಕೇಳಿ ಹೇಳಿದವು. ಈ ಧ್ವನಿಮುದ್ರಿಕೆ ದೊಡ್ಡ ವರವೆಂಬುದರಲ್ಲಿ ಸಂಶಯವಿಲ್ಲ. ಕೃತಿಯ ಕಾಲಪ್ರಮಾಣ, ಭಾಗಗಳ ನಡುವಿನ ಅನುಪಾತ, ರಾಗಸಾಮಗ್ರಿ ಮತ್ತೆ ಮತ್ತೆ ಬಂದು ಬೇಸರ ತರಿಸುತ್ತಿದೆಯೇ ಎಂಬುದು, ಇವನ್ನೆಲ್ಲ ಅದರಿಂದ ಚೆನ್ನಾಗಿ ಅಳೆಯಬಹುದು. ಆದರೆ ವಾದ್ಯಗಳ ನಡುವಿನ ತೂಕದ ವಿಷಯದಲ್ಲಿ ಅದರ ಸಾಕ್ಷ್ಯವನ್ನು ಒಪ್ಪಲಾಗದು. ಫ್ಲೂಟಿನ ಅತ್ಯಂತ ಕೆಳಗಿನ ಸ್ವರಗಳು ನಿಜವಾದ ಸಭಾಂಗಣದಲ್ಲಿ ಮೃದುವಾಗಿ, ತುಸು ಉಸಿರು ಬೆರೆತಂತೆ ಕೇಳುತ್ತವೆ. ಹಾರ್ನ್‌ಗಳು ಸಾಧಾರಣ ಬಲದಲ್ಲಿ ನುಡಿಯುತ್ತಿದ್ದರೂ ಸಾಕು, ಫ್ಲೂಟಿನ ಈ ಸ್ವರಗಳು ಮುಳುಗಿಹೋಗುತ್ತವೆ. ಕಂಪ್ಯೂಟರಿನಲ್ಲಾದರೆ ಒಂದು ಗುಂಡಿಯನ್ನು ಮೇಲಕ್ಕೆ ಸರಿಸಿದೊಡನೆ ಅದೇ ಫ್ಲೂಟ್ ಮೂರು ಟ್ರಾಂಬೋನ್‌ಗಳನ್ನೂ ಮೀರಿ ಸ್ಪಷ್ಟವಾಗಿ ಕೇಳಿಸುತ್ತದೆ.

ರಷ್ಯಾದ ಸಂಯೋಜಕ ರಿಮ್ಸ್ಕಿ-ಕೊರ್ಸಕೋವ್ ವಾದ್ಯವಿನ್ಯಾಸದ ಬಗ್ಗೆ ಬರೆದ ಗ್ರಂಥ ಅವರ ನಿಧನಾನಂತರ, 1913ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಸರಳವಾದ ಒಂದು ಲೆಕ್ಕ ಕೊಡುತ್ತಾರೆ. ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿಗೆ ಎರಡು ಹಾರ್ನ್‌ಗಳು ಸಮ. ಒಂದು ಹಾರ್ನ್‌ಗೆ ಫ್ಲೂಟ್, ಓಬೋ, ಕ್ಲಾರಿನೆಟ್ ಮೊದಲಾದ ವುಡ್‌ವಿಂಡ್ ವಾದ್ಯಗಳು ಎರಡು ಸಮ. ಹಾಗಾದರೆ ಒಂದು ಟ್ರಂಪೆಟ್ಟಿನ ಎದುರು ನಾಲ್ಕು ವುಡ್‌ವಿಂಡ್ ವಾದ್ಯಗಳು ನಿಲ್ಲಬೇಕು. ಸ್ಥಾಯಿ, ಸಭಾಂಗಣ, ವಾದಕರ ಶೈಲಿ ಇವುಗಳಿಗೆ ತಕ್ಕಂತೆ ಈ ಲೆಕ್ಕ ಬದಲಾಗುತ್ತದೆ, ನಿಜ. ಆದರೂ ಸ್ಕೋರನ್ನು ಕಣ್ಣಿನಿಂದ ಓದಬಲ್ಲ ಅನುಭವಿಗಳು ಧ್ವನಿಮುದ್ರಿಕೆಯನ್ನು ಪಕ್ಕಕ್ಕಿಟ್ಟು ಇಂಥ ಲೆಕ್ಕದಿಂದಲೇ ಮಾತಾಡುತ್ತಾರೆ. ಆದಕಾರಣ ತೂಕದ ಬಗೆಗಿನ ಪ್ರಶ್ನೆಯನ್ನು ಸ್ಕೋರ್ ಓದುವವರಿಗೆ ಕೇಳುವುದು, ಕೃತಿಯ ಓಟದ ಬಗೆಗಿನ ಪ್ರಶ್ನೆಯನ್ನು ಸ್ಕೋರ್ ನೋಡದೆ ಬರೀ ಕೇಳುವವರಿಗೆ ಕೇಳುವುದು ನನ್ನ ರೂಢಿ. ಸ್ಕೋರ್ ಕೈಯಲ್ಲಿದ್ದರೆ ಕಣ್ಣು ಮುಂದಿನ ಪುಟವನ್ನು ಮೊದಲೇ ನೋಡಿಬಿಡುತ್ತದೆ; ಆಗ ಕಿವಿಗೆ ಬೇಸರವಾದ ಕ್ಷಣ ಗಮನಕ್ಕೇ ಬರದೆ ಹೋಗಬಹುದು.

ತೊಡಕನ್ನೂ ಪರಿಹಾರವನ್ನೂ ಬೇರ್ಪಡಿಸಬೇಕು ಎಂದೆನಲ್ಲ, ಅದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ನನ್ನ ಕೃತಿಯೊಂದರ ಶಿಖರಭಾಗ 212ನೆಯ ಬಾರ್‌ನಲ್ಲಿ ಬರುತ್ತದೆ. ಬಾರ್ ಎಂದರೆ ಸ್ಕೋರಿನಲ್ಲಿ ಗೆರೆ ಎಳೆದು ಗುರುತಿಸಿದ ತಾಳದ ಒಂದು ಘಟಕ. 212ರಲ್ಲಿ ಇಡೀ ವೃಂದ ಒಟ್ಟಾಗಿ ಮುಖ್ಯ ರಾಗವನ್ನು ಎತ್ತಿಕೊಳ್ಳುತ್ತದೆ. ಅದನ್ನು ಕೇಳಿದ ಹಿರಿಯರೊಬ್ಬರು, ಆ ಜಾಗ ಬಂದಾಗ ಬಂದಂತೆಯೇ ಅನಿಸಲಿಲ್ಲ, ಸಿಂಬಲ್ಸ್ ಮತ್ತು ದೊಡ್ಡ ಡ್ರಮ್ ಸೇರಿಸಿ ನೋಡಿ ಎಂದರು. ಮಾತಿನ ಮೊದಲರ್ಧ ನಿಖರವಾಗಿತ್ತು. ಎರಡನೆಯ ಅರ್ಧವನ್ನು ಪರೀಕ್ಷಿಸಲು ನಾನು 212ರಿಂದ ಹಿಂದಕ್ಕೆ ಒಂದೊಂದೇ ಪುಟ ತಿರುವುತ್ತಾ ಹೋದೆ. 180ನೆಯ ಬಾರ್‌ನಿಂದಲೇ ಟ್ರಂಪೆಟ್‌ಗಳು ತಮ್ಮ ಮೇಲಿನ ಸ್ಥಾಯಿಯಲ್ಲಿ ಪೂರ್ಣಬಲದಿಂದ ನುಡಿಯುತ್ತಿದ್ದವು, ಟಿಂಪನಿ ಎಂಬ ನಗಾರಿ ಎಡೆಬಿಡದೆ ಮೊರೆಯುತ್ತಿತ್ತು, ಪಿಟೀಲುಗಳು ಆಗಲೇ ತಾರಸ್ಥಾಯಿಗೆ ಏರಿದ್ದವು. ಶಿಖರ ಬರುವ ಹೊತ್ತಿಗೆ ಕಿವಿಗೆ ಹೊಸದಾಗಿ ಕೊಡಲು ವೃಂದದಲ್ಲಿ ಏನೂ ಉಳಿದಿರಲಿಲ್ಲ. 196ರಿಂದ 211ರವರೆಗೆ ಟ್ರಂಪೆಟ್‌ಗಳನ್ನು ಪೂರ್ತಿ ತೆಗೆದು, ಟಿಂಪನಿಯನ್ನು ನಿಲ್ಲಿಸಿ, ಪಿಟೀಲುಗಳನ್ನು ಒಂದು ಸಪ್ತಕ ಕೆಳಗಿಳಿಸಿದೆ. 212ನೆಯ ಬಾರ್‌ನಲ್ಲಿ ಒಂದು ಸ್ವರವನ್ನೂ ಮುಟ್ಟಲಿಲ್ಲ. ಈ ಬದಲಾವಣೆಯ ಸುಳಿವಿಲ್ಲದ ಇನ್ನೊಬ್ಬರು ಕೇಳಿ, ಇಡೀ ಕೃತಿಯಲ್ಲಿ ಮೈನವಿರೇಳಿಸಿದ ಜಾಗ ಯಾವುದೆಂದರೆ ಅದೇ ಎಂದು ಗುರುತಿಸಿದರು. ಆ ಹಿರಿಯರ ಮಾತಿಲ್ಲದಿದ್ದರೆ ನಾನು ಆ ಪುಟಗಳನ್ನು ತೆರೆಯುತ್ತಲೇ ಇರಲಿಲ್ಲ. ಆ ಋಣ ನನ್ನ ಮೇಲಿದೆ. ಆದರೆ ಅವರು ಹೇಳಿದಂತೆಯೇ ಸಿಂಬಲ್ಸ್ ಸೇರಿಸಿದ್ದರೆ ಗದ್ದಲ ಹೆಚ್ಚಾಗುತ್ತಿತ್ತೇ ಹೊರತು ಶಿಖರ ಎತ್ತರವಾಗುತ್ತಿರಲಿಲ್ಲ. ಸಂಗೀತ ಕಾಲದಲ್ಲಿ ಹರಿಯುವ ಕಲೆಯಾದ್ದರಿಂದ ಪರಿಣಾಮ ಕಾಣಿಸಿಕೊಳ್ಳುವುದು ಒಂದು ಕಡೆ, ಕಾರಣ ಇರುವುದು ಅದಕ್ಕಿಂತ ಅರ್ಧ ನಿಮಿಷ ಹಿಂದೆ.

ದೊಡ್ಡವರ ಬದುಕಿನಲ್ಲೂ ಇದಕ್ಕೆ ಹತ್ತಿರವಾದ ಪ್ರಸಂಗವಿದೆ. ಜರ್ಮನ್ ಸಂಯೋಜಕ ಬ್ರಾಮ್ಸ್ ತಮ್ಮ ಮೊದಲ ಸಿಂಫನಿಯ ಮೊದಲ ಭಾಗವನ್ನು 1862ರಲ್ಲಿ ಪಿಯಾನೋವಾದಕಿ ಕ್ಲಾರಾ ಶೂಮನ್ ಅವರಿಗೆ ಕಳುಹಿಸಿದ್ದರು. ಅದರ ಆರಂಭ ತುಸು ಕಟುವಾಗಿದೆಯೆಂದೂ ತಾವು ಅದಕ್ಕೆ ಒಗ್ಗಿಕೊಂಡಿರುವುದಾಗಿಯೂ ಕ್ಲಾರಾ ಪಿಟೀಲುವಾದಕ ಯೋಆಕಿಮ್ ಅವರಿಗೆ ಬರೆದ ಪತ್ರದಲ್ಲಿ ಹೇಳಿದರು. 1876ರಲ್ಲಿ ಆ ಸಿಂಫನಿ ಮೊದಲ ಬಾರಿಗೆ ಕಾರ್ಲ್ಸ್‌ರೂಹೆ ನಗರದಲ್ಲಿ ನುಡಿದಾಗ ಆ ಆರಂಭಕ್ಕೂ ಮುಂಚೆ ಒಂದು ನಿಧಾನಗತಿಯ ಪೀಠಿಕೆ ಬಂದಿತ್ತು: ಟಿಂಪನಿಯ ಒಂದೇ ಸ್ವರದ ನಿರಂತರ ಬಡಿತ, ಅದರ ಮೇಲೆ ಏರುತ್ತಾ ಹೋಗುವ ತಂತಿವಾದ್ಯಗಳು, ಎದುರಿಗೆ ಇಳಿದು ಬರುವ ವುಡ್‌ವಿಂಡ್‌ಗಳು. ಆ ಪತ್ರಕ್ಕೂ ಈ ಪೀಠಿಕೆಗೂ ನೇರ ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಬ್ರಾಮ್ಸ್ ಆ ಆರಂಭವನ್ನು ಮೆತ್ತಗೆ ಮಾಡಲಿಲ್ಲ, ಅದರ ಹಿಂದೆ ಹೊಸ ನೆಲವನ್ನು ಹಾಸಿದರು ಎಂಬುದು ನನಗೆ ಮುಖ್ಯ. ಕಟುವೆನಿಸಿದ ಜಾಗವನ್ನು ಕಟುವಾಗಿಯೇ ಉಳಿಸಿಕೊಂಡು ಅದು ಸಹಜವೆನಿಸುವಂತೆ ಮಾಡುವ ದಾರಿಯೂ ಇದೆ ಎಂಬುದನ್ನು ಆ ಎರಡು ರೂಪಗಳ ನಡುವಿನ ಅಂತರ ತೋರಿಸಿಕೊಡುತ್ತದೆ.

ವಾದಕರ ಅಭಿಪ್ರಾಯದ ಬಗೆ ಬೇರೆ. ಅಲ್ಲಿ ತೊಡಕನ್ನು ಹೇಳುವವರೇ ಪರಿಹಾರವನ್ನೂ ಬಲ್ಲವರಾಗಿರುತ್ತಾರೆ, ಏಕೆಂದರೆ ತೊಡಕು ಅವರ ಬೆರಳಿನಲ್ಲೋ ಉಸಿರಿನಲ್ಲೋ ಇರುತ್ತದೆ. ಓಬೋ ನುಡಿಸುವವರಿಗೆ ದೀರ್ಘವಾದ ಸಾಲು ಕೊಟ್ಟರೆ ಉಸಿರು ಸಾಲದೆ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಆ ವಾದ್ಯದ ಕಿರಿದಾದ ರೀಡಿನ ಮೂಲಕ ಸಾಗುವ ಗಾಳಿ ಬಹಳ ಕಡಿಮೆ, ಹಾಗಾಗಿ ಬಳಸದೆ ಉಳಿದ ಹಳೆಯ ಗಾಳಿಯನ್ನು ಹೊರಹಾಕಲು ಅವರಿಗೆ ವಿರಾಮ ಬೇಕಾಗುತ್ತದೆ. ಹಾರ್ಪ್‌ನಲ್ಲಿ ಏಳು ಪೆಡಲ್‌ಗಳಿದ್ದು, ಒಂದೊಂದು ಪೆಡಲ್ ಒಂದೊಂದು ಸ್ವರವನ್ನು ಎಲ್ಲ ಸಪ್ತಕಗಳಲ್ಲೂ ಒಟ್ಟಿಗೆ ಬದಲಿಸುತ್ತದೆ. ಪಿಯಾನೋದಲ್ಲಿ ಸಲೀಸಾಗಿ ಬರುವ ವೇಗದ ಸಾಲೊಂದು ಅರ್ಧಸ್ವರಗಳಿಂದ ತುಂಬಿದ್ದರೆ ಹಾರ್ಪ್ ನುಡಿಸುವವರ ಕಾಲುಗಳಿಗೆ ಅದು ಅಸಾಧ್ಯವಾಗಬಹುದು. ಇವನ್ನು ಪುಸ್ತಕದಲ್ಲಿ ಓದಬಹುದು. ಆದರೆ ನಮ್ಮದೇ ಸಾಲನ್ನು ಮುಂದಿಟ್ಟುಕೊಂಡು ಒಬ್ಬ ವಾದಕರು ಅದನ್ನು ತೋರಿಸಿಕೊಟ್ಟಾಗ ಅದು ಮತ್ತೆ ಮರೆಯುವುದಿಲ್ಲ. ಬ್ರಾಮ್ಸ್ 1878ರ ಬೇಸಿಗೆಯಲ್ಲಿ ತಮ್ಮ ಪಿಟೀಲು ಕಾನ್ಚರ್ಟೋದ (ಒಂದು ವಾದ್ಯ ಮುಂದೆ ನಿಂತು ವೃಂದದೊಡನೆ ನುಡಿಯುವ ಕೃತಿ) ಏಕವಾದನದ ಭಾಗವನ್ನು ಅದೇ ಯೋಆಕಿಮ್ ಅವರಿಗೆ ಕಳುಹಿಸಿ, ಕಷ್ಟವಾದದ್ದು, ಕೈಗೆ ಒಗ್ಗದ್ದು, ಅಸಾಧ್ಯವಾದದ್ದು ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಡುವಂತೆ ಕೇಳಿದ್ದರು. ಈ ವಿಂಗಡಣೆಯನ್ನು ನಾನು ಹಾಗೆಯೇ ಎತ್ತಿಕೊಂಡಿದ್ದೇನೆ. ಕಷ್ಟವಾದದ್ದನ್ನು ಉಳಿಸಿಕೊಳ್ಳಬಹುದು, ಒಗ್ಗದ್ದನ್ನು ಬೇರೆ ಬಗೆಯಲ್ಲಿ ಬರೆಯಬಹುದು, ಅಸಾಧ್ಯವಾದದ್ದನ್ನು ಬಿಡಲೇಬೇಕು. ಬರೀ ಹೇಗಿದೆ ಎಂದು ಕೇಳಿದ್ದರೆ ಈ ಮೂರೂ ಒಂದೇ ಉತ್ತರದೊಳಗೆ ಕಲಸಿಹೋಗುತ್ತಿದ್ದವು.

ಪ್ರಶ್ನೆ ಕೇಳುವ ಕ್ರಮದ ಬಗ್ಗೆ ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ವಿಧಾನವೊಂದು ನನಗೆ ಬಹಳ ಪ್ರಿಯ. ಮೊದಲು ನೋಡುಗರು ತಮಗೆ ಏನು ತಟ್ಟಿತು ಎಂದು ಹೇಳುತ್ತಾರೆ. ಆಮೇಲೆ ಕಲಾವಿದರು ತಮ್ಮ ಪ್ರಶ್ನೆಗಳನ್ನು ಕೇಳುತ್ತಾರೆ. ಅನಂತರ ನೋಡುಗರು ಅಭಿಪ್ರಾಯ ಬೆರೆಸದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಗೆ, ಕಲಾವಿದರ ಒಪ್ಪಿಗೆ ಪಡೆದು, ಅಭಿಪ್ರಾಯ ಹೇಳುತ್ತಾರೆ. ಮಧ್ಯಭಾಗ ಏಕೆ ಇಷ್ಟು ಉದ್ದ ಎಂಬುದರಲ್ಲಿ ತೀರ್ಪು ಅಡಗಿದೆ. ಮಧ್ಯಭಾಗದ ಉದ್ದವನ್ನು ಹೇಗೆ ನಿರ್ಧರಿಸಿದಿರಿ ಎಂದು ಕೇಳಿದರೆ ಬರೆದವರು ಯೋಚಿಸತೊಡಗುತ್ತಾರೆ. ಹೀಗೆ ಉತ್ತರ ಹೇಳುತ್ತಾ ಹೇಳುತ್ತಾ ಕೃತಿಯ ದುರ್ಬಲ ಜಾಗವನ್ನು ಸಂಯೋಜಕರು ತಾವೇ ಗುರುತಿಸಿಬಿಡುವುದನ್ನು ಕಂಡಿದ್ದೇನೆ.

ಒರಟಾದ ಟೀಕೆಯ ಮಾತು ಬಂದಾಗಲೆಲ್ಲ ರಷ್ಯಾದ ಸಂಯೋಜಕ ಚೈಕೋವ್ಸ್ಕಿಯವರ ಮೊದಲ ಪಿಯಾನೋ ಕಾನ್ಚರ್ಟೋದ ಕಥೆ ಹೇಳುವುದುಂಟು. 1874ರ ಕ್ರಿಸ್‌ಮಸ್ ಹಿಂದಿನ ದಿನ ಅದನ್ನು ಕೇಳಿದ ಪಿಯಾನೋವಾದಕ ನಿಕೊಲಾಯ್ ರುಬಿನ್‌ಸ್ಟೀನ್ ಇಡೀ ಕೃತಿಯನ್ನೇ ತಳ್ಳಿಹಾಕಿದರು, ಒಂದು ಸ್ವರವನ್ನೂ ಬದಲಿಸುವುದಿಲ್ಲವೆಂದು ಚೈಕೋವ್ಸ್ಕಿ ಪಟ್ಟು ಹಿಡಿದರು, ಮರುವರ್ಷ ಬಾಸ್ಟನ್‌ನಲ್ಲಿ ಹಾನ್ಸ್ ಫಾನ್ ಬ್ಯೂಲೋ ಅದನ್ನು ನುಡಿಸಿದರು. ಕಥೆ ಇಲ್ಲಿಗೇ ನಿಂತರೆ ಟೀಕೆಗೆ ಕಿವಿಗೊಡಬಾರದೆಂಬ ಪಾಠದಂತೆ ಕಾಣುತ್ತದೆ. ಆದರೆ ಅದು ಮುಂದುವರಿಯುತ್ತದೆ. 1876ರಲ್ಲಿ ಲಂಡನ್‌ನಲ್ಲಿ ಆ ಕೃತಿಯನ್ನು ನುಡಿಸಿದ ಎಡ್ವರ್ಡ್ ಡಾನ್ರಾಯ್ಟರ್ ಪಿಯಾನೋ ಭಾಗಕ್ಕೆ ಕೆಲವು ನಿರ್ದಿಷ್ಟ ತಿದ್ದುಪಡಿಗಳನ್ನು ಸೂಚಿಸಿ ಕಳುಹಿಸಿದರು. ಚೈಕೋವ್ಸ್ಕಿ ಅವನ್ನು ಕೃತಜ್ಞತೆಯಿಂದ ಸ್ವೀಕರಿಸಿ ಮುಂದಿನ ಆವೃತ್ತಿಗೆ ಬಳಸಿಕೊಂಡರು. ಅದೇ ಕೃತಿ, ಅದೇ ಸಂಯೋಜಕರು. ಕೃತಿಯನ್ನು ಸಗಟಾಗಿ ತಿರಸ್ಕರಿಸಿದವರ ಮಾತಿನಿಂದ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ, ಸ್ವರಗಳನ್ನು ತೋರಿಸಿ ಮಾತಾಡಿದವರಿಂದ ಕೆಲಸ ಸಿಕ್ಕಿತು. ನನಗೆ ಯಾರಾದರೂ ತಮ್ಮ ಸ್ಕೋರ್ ತೋರಿಸಿದಾಗ ನಾನು ನೆನಪಿಟ್ಟುಕೊಳ್ಳುವುದು ಈ ಡಾನ್ರಾಯ್ಟರ್ ಅವರನ್ನು.

ಸ್ಕೋರಿನ ಅಚ್ಚುಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾರ್ ಸಂಖ್ಯೆಗಳಿರಬೇಕು, ಕ್ಲಾರಿನೆಟ್ ಮತ್ತು ಹಾರ್ನ್‌ಗಳನ್ನು ಕೇಳಿಸುವ ಶ್ರುತಿಯಲ್ಲಿ ಬರೆದಿದೆಯೇ ವಾದಕರು ಓದುವ ಶ್ರುತಿಯಲ್ಲಿ ಬರೆದಿದೆಯೇ (ಈ ವಾದ್ಯಗಳಲ್ಲಿ ಓದುವ ಸ್ವರ ಬೇರೆ, ಕೇಳಿಸುವ ಸ್ವರ ಬೇರೆ) ಎಂದು ಮೊದಲ ಪುಟದಲ್ಲೇ ತಿಳಿಸಿರಬೇಕು, ವಾದಕರ ಬಿಡಿಹಾಳೆಗಳಲ್ಲಿ ಪುಟ ತಿರುವುವ ಜಾಗದಲ್ಲಿ ವಿರಾಮವಿರಬೇಕು. ಇವು ಇಲ್ಲದಿದ್ದರೆ ತಾಲೀಮಿನ ಅಮೂಲ್ಯ ನಿಮಿಷಗಳು ಇವನ್ನು ವಿಚಾರಿಸುವುದರಲ್ಲೇ ಕಳೆದುಹೋಗುತ್ತವೆ, ಸಂಗೀತದ ಬಗ್ಗೆ ಅಭಿಪ್ರಾಯ ಹೇಳುವಷ್ಟು ವ್ಯವಧಾನ ಯಾರಿಗೂ ಉಳಿಯುವುದಿಲ್ಲ.

ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾದಾಗ ಏನು ಮಾಡುವುದು? ಹೊಸ ಕೃತಿಯ ನಿಧಾನಗತಿಯ ಭಾಗದ ಬಗ್ಗೆ ಸದ್ಯ ನನ್ನ ಮುಂದೆ ಇಂಥದೇ ಪರಿಸ್ಥಿತಿಯಿದೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳು ಒಂಟಿಯಾಗಿ ನುಡಿಯುವ ಎಂಟು ಬಾರ್‌ಗಳು ತೀರಾ ಬಡವಾಗಿವೆ ಎಂದು ಒಬ್ಬರು, ಕೃತಿಯಲ್ಲಿ ಉಸಿರಾಡಲು ಸಿಕ್ಕ ಒಂದೇ ಜಾಗ ಅದು ಎಂದು ಮತ್ತೊಬ್ಬರು ಹೇಳಿದ್ದಾರೆ. ಇಬ್ಬರೂ ತಮ್ಮ ಪಾಡಿಗೆ ಅದೇ ಎಂಟು ಬಾರ್‌ಗಳತ್ತ ಬೆರಳು ಮಾಡಿರುವುದರಿಂದ ಅಲ್ಲಿ ಏನೋ ನಡೆಯುತ್ತಿದೆ ಎಂಬುದು ಖಚಿತ. ಆ ಬಾರ್‌ಗಳನ್ನು ಸದ್ಯಕ್ಕೆ ಹಾಗೆಯೇ ಬಿಟ್ಟು, ಅವುಗಳ ಹಿಂದಿನ ಪುಟದಲ್ಲಿ ತಂತಿವಾದ್ಯಗಳು ದಟ್ಟವಾಗಿ ಹೆಣೆದುಕೊಂಡಿರುವ ಜಾಗವನ್ನು ತಿಳಿಯಾಗಿಸುತ್ತಿದ್ದೇನೆ. ಅದು ಮುಗಿದ ಮೇಲೆ ಇಬ್ಬರಿಗೂ ಮತ್ತೆ ಕಳುಹಿಸುತ್ತೇನೆ. ಈ ಬಾರಿ ಜೊತೆಗಿರುವ ಪತ್ರದಲ್ಲಿ ವಯೋಲಾಗಳ ಪ್ರಸ್ತಾಪ ಇರುವುದಿಲ್ಲ, ಆ ಭಾಗವನ್ನು ಕೇಳುವಾಗ ಗಮನ ಎಲ್ಲಿ ಸಡಿಲವಾಯಿತು ಎಂಬ ಪ್ರಶ್ನೆ ಮಾತ್ರ ಇರುತ್ತದೆ.